ಎಣಿಕೆ ತಪ್ಪಿಲ್ಲ, ಅಳತೆ ತಪ್ಪಿದೆ



ಓಲೆಗರಿ, ವ್ಯಾಖ್ಯಾನಗಳ ನಡುವೆ ಆಯುಷ್ಯ ಕಳೆದ ಈ ಲೇಖಕನು ಉಲ್ಲನ್ ದಾರದ ಹೆಣಿಗೆಯ ಬಗ್ಗೆ ಬರೆಯಹೊರಟಿರುವುದನ್ನು ಕಂಡು ಕೆಲವರಿಗೆ ನಗೆ ಬಂದೀತು. ಆದರೆ ಕಳೆದ ಮಾರ್ಗಶಿರದ ಚಳಿಯಲ್ಲಿ ತಾವರಗೇರಾದ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನನಗೆ ಕಲಿಸಿದ ಪಾಠವನ್ನು ತಮ್ಮೊಡನೆ ಹಂಚಿಕೊಳ್ಳದೆ ಇರಲಾರೆನು.

ಐದು ವರ್ಷದ ಮೊಮ್ಮಗಳಿಗೆ ಪೊಂಚೋ ಹೆಣೆಯಬೇಕೆಂದು ಸೊಸೆ ಸಂಕಲ್ಪಿಸಿದಳು. ಪೊಂಚೋ ಎಂಬುದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಜನರ ಹೊದಿಕೆ. ನಡುವೆ ತಲೆ ತೂರಿಸಿಕೊಳ್ಳುವ ಕಂಡಿಯುಳ್ಳ, ತೋಳಿಲ್ಲದ ಉಣ್ಣೆಯ ಉಡುಪು. ಹೆಸರು ಪರಕೀಯವಾದರೂ ವಸ್ತು ನಮಗೆ ಅಪರಿಚಿತವಲ್ಲ. ನಮ್ಮ ಕುಷ್ಟಗಿ ಸೀಮೆಯ ಕುರಿಗಾಹಿಯು ಮಳೆ ಬಂದಾಗ ಕಂಬಳಿಯ ತುದಿಯನ್ನು ಮಡಿಚಿ ತಲೆಯಿಂದ ಬೆನ್ನಿಗೆ ಇಳಿಬಿಡುವ ಕೊಪ್ಪೆಯೂ, ಹಸುಗೂಸಿಗೆ ನಮ್ಮ ತಾಯಂದಿರು ಖಣದ ಬಟ್ಟೆಯಲ್ಲಿ ಹೊಲಿದು ಕಸೂತಿ ಹಾಕುತ್ತಿದ್ದ ಕುಂಚಿಗೆಯೂ ಇದೇ ಕುಲಕ್ಕೆ ಸೇರಿದವು. ನಮ್ಮ ಮನೆಯ ಟ್ರಂಕಿನಲ್ಲಿ ನನ್ನ ಧರ್ಮಪತ್ನಿಯು ಮಗನಿಗಾಗಿ ಹೊಲಿದ ಕುಂಚಿಗೆ ಇನ್ನೂ ಇದೆ.

ಸೊಸೆಯ ಬಳಿ ಪೊಂಚೋದ ನಕ್ಷೆ ಇರಲಿಲ್ಲ. ಇದ್ದದ್ದು ಎರಡು: ಒಂದು, ಕ್ರೋಶಾ ಸೂಜಿಯಿಂದ ಹೆಣೆಯುವ ಸಾದಾ ಶಾಲಿನ ನಕ್ಷೆ, ಇನ್ನೊಂದು, ಎರಡು ಕಡ್ಡಿಗಳಿಂದ ಹೆಣೆಯುವ ಸ್ವೆಟರಿನ ನಕ್ಷೆ. ಈ ಎರಡನೆಯದರಲ್ಲಿ ಜಡೆಯಂತೆ ಹೆಣೆದುಕೊಂಡು ಮೇಲೇರುವ ಕೇಬಲ್ ವಿನ್ಯಾಸವಿತ್ತು. ಶಾಲಿನ ಮೈಗೆ ಸ್ವೆಟರಿನ ಜಡೆಯನ್ನು ಕೂಡಿಸಿ ಮೂರನೆಯದೊಂದನ್ನು ಮಾಡುವುದು ಅವಳ ವಿಚಾರ.

ಇಲ್ಲಿಯೇ ತೊಡಕು. ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಜೀವಂತವಾಗಿ ಕಾಯುತ್ತಿರುತ್ತವೆ. ಅವುಗಳಲ್ಲಿ ಕೆಲವನ್ನು ಇನ್ನೊಂದು ಚಿಕ್ಕ ಕಡ್ಡಿಗೆ ಎತ್ತಿಕೊಂಡು, ಮುಂದಿನವುಗಳನ್ನು ಮೊದಲು ಹೆಣೆದರೆ ಜಡೆ ತಿರುಗುತ್ತದೆ. ಕ್ರೋಶಾದಲ್ಲಿ ಒಂದು ಕುಣಿಕೆ ಮುಗಿಯದೆ ಇನ್ನೊಂದು ಹುಟ್ಟುವುದಿಲ್ಲ. ಎತ್ತಿಡಲು ಏನೂ ಇರುವುದಿಲ್ಲ. ಆದ್ದರಿಂದ ಉಪಾಯ ಬೇರೆ. ಕೆಳಸಾಲಿನ ಕಂಬದ ತಲೆಗೆ ಸೂಜಿ ಹಾಕದೆ, ಅದರ ಕಾಂಡವನ್ನೇ ಮುಂದಿನಿಂದ ಬಳಸಿ ಹೊಸ ಕಂಬವನ್ನು ಎತ್ತಬೇಕು. ಅದು ಉಬ್ಬಿ ನಿಲ್ಲುತ್ತದೆ. ಎರಡು ಕಂಬಗಳನ್ನು ಬಿಟ್ಟು ಮುಂದಿನ ಎರಡನ್ನು ಉದ್ದವಾಗಿ ಹೆಣೆದು, ಹಿಂದಿರುಗಿ ಬಿಟ್ಟ ಎರಡನ್ನು ಹೆಣೆದರೆ ಒಂದರ ಮೇಲೊಂದು ಹಾಯ್ದು ಜಡೆಯ ತಿರುವಾಗುತ್ತದೆ. ಕ್ರೋಶಾದ ಒಂದು ಸಾಲು ಕಡ್ಡಿಯ ಸಾಲಿಗಿಂತ ಎತ್ತರವಾದುದರಿಂದ, ಸ್ವೆಟರಿನಲ್ಲಿ ಎಷ್ಟು ಸಾಲಿಗೊಮ್ಮೆ ತಿರುವು ಬರುತ್ತಿತ್ತೋ ಇಲ್ಲಿ ಅದಕ್ಕಿಂತ ಕಡಿಮೆ ಸಾಲಿಗೆ ತರಬೇಕು. ಅಂದರೆ ಇದು ನಕಲಲ್ಲ, ಅನುವಾದ. ಶಬ್ದಕ್ಕೆ ಶಬ್ದವಿಟ್ಟ ಅನುವಾದ ಹೇಗೆ ಕೆಡುವುದೋ ಹಾಗೆಯೇ ಇದೂ ಕೆಡುತ್ತದೆ.

ಆಕಾರ ಸರಳ. ಸಮಾನವಾದ ಎರಡು ಆಯತಗಳನ್ನು ಹೆಣೆದು, ಒಂದರ ಅಗಲದ ಅಂಚನ್ನು ಇನ್ನೊಂದರ ಉದ್ದದ ಅಂಚಿಗೆ, ಅದರದನ್ನು ಇದಕ್ಕೆ ಹೊಲಿದರೆ ಪೊಂಚೋ ಸಿದ್ಧ. ಉದ್ದದಲ್ಲಿ ಅಗಲವನ್ನು ಕಳೆದು ಇಮ್ಮಡಿಸಿದರೆ ಕುತ್ತಿಗೆಯ ಸುತ್ತಳತೆ ಸಿಗುತ್ತದೆ. ಮಗುವಿನ ತಲೆಯ ಸುತ್ತು 20 ಅಂಗುಲ. ಕಂಡಿ 22 ಅಥವಾ 23 ಅಂಗುಲವಿದ್ದರೆ ಸಾಕು.

ಜಡೆಗೆ 4 ಕಂಬ, ನಡುವಿನ ಬಯಲಿಗೆ 4 ಕಂಬ, ಹೀಗೆ 8ರ ಆವರ್ತ. ಎರಡು ಅಂಚೂ ಸಮವಾಗಲು ಕೊನೆಗೆ 4 ಹೆಚ್ಚು. ಇದನ್ನು ಕೇಳಿದಾಗ ನನಗೆ ಮಠದ ಪಾಠಶಾಲೆಯ ದಿನಗಳು ನೆನಪಾದವು. ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು 14 ಮಾತ್ರೆಗಳಿರಬೇಕು. ಅರ್ಧ ಗಣ ಉಳಿದರೆ ಗುರುಗಳ ಬೆತ್ತ ಏಳುತ್ತಿತ್ತು. ಹೆಣಿಗೆಯಲ್ಲಿಯೂ ಅರ್ಧ ಜಡೆಗೆ ಸ್ಥಾನವಿಲ್ಲ. ಎಣಿಕೆಯ ಈ ಶಿಸ್ತು ನಮ್ಮ ತಾಯಂದಿರಿಗೆ ಹೊಸದೂ ಅಲ್ಲ. ಕಸೂತಿಯಲ್ಲಿ ಗೆರೆ ಎಳೆಯದೆ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಗವಂತಿ ಮತ್ತು ಮುರಗಿ ಹೊಲಿಗೆಗಳಂತೂ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು.

ಸೊಸೆ ಸಾದಾ ಹೆಣಿಗೆಯ ಮಾದರಿ ತುಂಡೊಂದನ್ನು ಮಾಡಿ ನೋಡಿದಳು. 4 ಅಂಗುಲಕ್ಕೆ 14 ಕಂಬ. ಆ ಲೆಕ್ಕದಂತೆ 44 ಕಂಬಗಳಿಗೆ ಹನ್ನೆರಡೂವರೆ ಅಂಗುಲ ಅಗಲವೆಂದು ತಿಳಿದು, 24 ಅಂಗುಲ ಉದ್ದದ ಎರಡು ಆಯತಗಳನ್ನು ಹೆಣೆದು ಹೊಲಿದಳು. ಮಗುವಿಗೆ ತೊಡಿಸಿದರೆ ಕುತ್ತಿಗೆ ಹೆಗಲಿನಿಂದ ಜಾರಿತು. ಮೊಣಕೈ ಮಾತ್ರ ಹೊರಗೇ ಉಳಿಯಿತು. ಕಂಬ ಎಣಿಸಿದರೆ 44 ಸರಿಯಾಗಿಯೇ ಇವೆ. ಅಳೆದರೆ ಅಗಲ 11 ಅಂಗುಲ, ಕಂಡಿ 26 ಅಂಗುಲ!

ನಾನು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ, "ಹೋಗಲಿ ಬಿಡವ್ವಾ, ಬಿಡುವಿನ ಕೆಲಸ, ಪೇಟೆಯಲ್ಲಿ ಒಂದು ಸ್ವೆಟರ್ ತಂದರಾಯಿತು" ಎಂದೆ.

ಅವಳು ಒಂದು ಕ್ಷಣ ಸುಮ್ಮನಿದ್ದು, "ಎಣಿಕಿ ತಪ್ಪಿಲ್ರೀ ಮಾವಾರ, ಅಳತಿ ತಪ್ಪೈತಿ" ಎಂದವಳೇ, ಹೊಲಿಗೆ ಬಿಚ್ಚಿ ದಾರವನ್ನೆಲ್ಲ ಉಂಡೆ ಸುತ್ತತೊಡಗಿದಳು.

ಕಾರಣವನ್ನು ಆಕೆಯೇ ಕಂಡುಹಿಡಿದಳು. ಕಂಬಗಳು ಒಂದರ ಮೇಲೊಂದು ಹಾಯುವಾಗ ಬಟ್ಟೆಯನ್ನು ಒಳಕ್ಕೆ ಸೆಳೆಯುತ್ತವೆ. ಜಡೆ ಹಾಕಿದ ತುಂಡಿನಲ್ಲಿ 4 ಅಂಗುಲಕ್ಕೆ 14 ಅಲ್ಲ, 16 ಕಂಬಗಳು ಬೇಕು. ಸಾದಾ ತುಂಡನ್ನು ಅಳೆದು ಜಡೆಯ ಬಟ್ಟೆಗೆ ಲೆಕ್ಕ ಹಾಕಿದ್ದೇ ದೋಷ. ಇನ್ನೊಂದು ಆವರ್ತವನ್ನು ಸೇರಿಸಿ 52 ಕಂಬ ಮಾಡಿದಳು. ಅಗಲ 13 ಅಂಗುಲವಾಯಿತು, ಕಂಡಿ 22ಕ್ಕೆ ಬಂದು ನಿಂತಿತು. ಉಬ್ಬುಗಂಬಗಳು ದಾರವನ್ನು ಹೆಚ್ಚು ನುಂಗುವುದರಿಂದ ಇನ್ನಷ್ಟು ಉಲ್ಲನ್ ತರಿಸಬೇಕಾಯಿತು. ಆ ದಿನಗಳಲ್ಲಿ ನನ್ನಾಕೆಯು ಟ್ರಂಕಿನಿಂದ ಕುಂಚಿಗೆಯನ್ನು ತೆಗೆದು ಸೊಸೆಯ ಪಕ್ಕದಲ್ಲಿ ಕುಳಿತು, ಕುತ್ತಿಗೆಯ ಅಂಚಿಗೆ ಒಳಗಿನಿಂದ ಮೆತ್ತನೆಯ ಅರಿವೆ ಕೊಡುವ ಬಗೆಯನ್ನು ತೋರಿಸಿಕೊಟ್ಟಳು. ಕಣ್ಣು ಮಂಜಾದ ಮೇಲೆ ಸೂಜಿ ಮುಟ್ಟದಿದ್ದವಳು ಅವಳು.

ಹಳೆಯ ನಕ್ಷೆಯನ್ನು ಬದಲಿಸುವುದು ತಪ್ಪೆಂದು ಭಾವಿಸುವವರಿದ್ದಾರೆ. ಐರ್ಲೆಂಡಿನ ಪಶ್ಚಿಮಕ್ಕಿರುವ ಆರನ್ ದ್ವೀಪಗಳ ಜಡೆ ಸ್ವೆಟರುಗಳು ಜಗತ್ಪ್ರಸಿದ್ಧ. ಒಂದೊಂದು ಮನೆತನಕ್ಕೂ ಒಂದೊಂದು ಪುರಾತನ ಜಡೆಯಿತ್ತು, ಕಡಲಲ್ಲಿ ಮಡಿದವನ ಗುರುತು ಅದರಿಂದಲೇ ಹತ್ತುತ್ತಿತ್ತು ಎಂಬ ಕಥೆಯೂ ಪ್ರಸಿದ್ಧ. ಆದರೆ ಸಂಶೋಧಕರು ಆ ಸ್ವೆಟರನ್ನು ಅಷ್ಟು ಪ್ರಾಚೀನವೆಂದು ಒಪ್ಪುವುದಿಲ್ಲ. 1904ರಲ್ಲಿ ರಂಗಕ್ಕೆ ಬಂದ ಸಿಂಜ್ ಎಂಬ ನಾಟಕಕಾರನ ಕೃತಿಯೊಂದರಲ್ಲಿ ಕಾಲುಚೀಲದ ಹೆಣಿಗೆಯಿಂದ ಮೃತನ ಗುರುತು ಹತ್ತುವ ಸಂದರ್ಭವಿದ್ದು, ಕಥೆಗೆ ಅದೇ ಬೀಜವೆನ್ನುತ್ತಾರೆ. ಪುರಾತನವೆಂದು ನಾವು ಪೂಜಿಸುವುದನ್ನು ಯಾವಳೋ ತಾಯಿ ತನ್ನ ಮಗುವಿನ ಅಳತೆಗೆ ಬದಲಿಸಿಕೊಂಡೇ ಕಟ್ಟಿರುತ್ತಾಳೆ.

ಪೊಂಚೋ ಮುಗಿಯಿತು. ಅದನ್ನು ಕಂಡ ನೆರೆಯೂರಿನ ಅಂಗಡಿಕಾರರೊಬ್ಬರು, ದಾರದ ಬೆಲೆಯ ಮೇಲೆ 200 ರೂಪಾಯಿ ಕೊಡುವುದಾಗಿಯೂ, ಇಂತಹವನ್ನೇ ಹತ್ತು ಹೆಣೆದುಕೊಡಬೇಕೆಂದೂ ಕೇಳಿದರು. ಸೊಸೆ ತನ್ನ ನೋಟುಬುಕ್ಕನ್ನು ತೆರೆದು ತೋರಿಸಿದಳು: ಎರಡನೆಯ ಸಲದ ಹೆಣಿಗೆಗೇ ದಿನಕ್ಕೆ ಎರಡು ಗಂಟೆಯಂತೆ 26 ದಿನ. 52 ಗಂಟೆಗೆ 200 ರೂಪಾಯಿ. ಗಂಟೆಗೆ ನಾಲ್ಕು ರೂಪಾಯಿಯೂ ಇಲ್ಲ. "ಬಿಡುವಿನಾಗ ಮಾಡೂದಲ್ಲೇನವ್ವಾ" ಎಂದರು ಅವರು. ಅದು ನನ್ನದೇ ಮಾತು. ಅವರ ಬಾಯಲ್ಲಿ ಕೇಳಿದಾಗ ಅದರ ಕಹಿ ನನಗೆ ತಿಳಿಯಿತು.

ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ 19ನೆಯ ಶತಮಾನದಲ್ಲಿ ಮಿಷನರಿಗಳಿಂದ ಕ್ರೋಶಾ ಕಲಿತ ಹೆಂಗಸರ ಲೇಸು ಕಡಲಾಚೆಗೆ ಹೋಗುತ್ತದೆ. ಅವರ ಬದುಕನ್ನು ಅಭ್ಯಸಿಸಿ 1982ರಲ್ಲಿ ಗ್ರಂಥ ಪ್ರಕಟಿಸಿದ ಜರ್ಮನ್ ವಿದುಷಿ ಮರಿಯಾ ಮೀಸ್ ತೋರಿಸಿಕೊಟ್ಟದ್ದು ಇದನ್ನೇ: ದಿನದ ಹಲವು ಗಂಟೆ ದುಡಿಯುವವರನ್ನು ಬಿಡುವು ಕಳೆಯುವ ಗೃಹಿಣಿಯರೆಂದು ಕರೆದುದರಿಂದಲೇ ಅವರ ಕೂಲಿ ಅಷ್ಟು ಅಗ್ಗವಾಯಿತು. ಕದಿರಿನ ಕಾಯಕದ ರೆಮ್ಮವ್ವೆಯನ್ನು ಶರಣೆಯೆಂದು ಸ್ಮರಿಸುವ ನಾವು, ಮನೆಯಲ್ಲಿ ಸೂಜಿ ಹಿಡಿದವಳ ಕೆಲಸಕ್ಕೆ ಕಾಯಕವೆಂಬ ಹೆಸರನ್ನು ಕೊಡಲು ಹಿಂದೆಗೆಯುವುದು ಸರಿಯೇ?

ಸೊಸೆ ಆ ಬೇಡಿಕೆಯನ್ನು ವಿನಯದಿಂದಲೇ ನಿರಾಕರಿಸಿ, ತನ್ನ ದರವನ್ನು ತಿಳಿಸಿ ಕಳುಹಿಸಿದಳು. ಅವರು ಮರಳಿ ಬಂದಿಲ್ಲ. ಆಕೆಗೆ ಅದರ ಚಿಂತೆಯೂ ಇಲ್ಲ. ಹೆಣೆಯುವ ತಾಯಂದಿರಲ್ಲಿ ನನ್ನ ಪ್ರಾರ್ಥನೆಯಿಷ್ಟು: ಜಡೆಯ ಮಾದರಿ ತುಂಡನ್ನು ಮೊದಲು ಅಳೆಯಿರಿ, ಬದಲಾವಣೆಯನ್ನೂ ಗಂಟೆಯನ್ನೂ ಬರೆದಿಡಿರಿ. ನೋಡುವ ಗಂಡಸರಲ್ಲಿ ಒಂದೇ ಮಾತು: ಶರಣೆಯರ ಹೆಸರುಗಳನ್ನು ನಾನು ನಲವತ್ತು ವರ್ಷ ತಪ್ಪದೆ ಎಣಿಸಿದ್ದೇನೆ, ಮನೆಯವರ ದುಡಿಮೆಯನ್ನು ಮಾತ್ರ ಸರಿಯಾಗಿ ಅಳೆದಿರಲಿಲ್ಲ. ತಾವು ಆ ತಪ್ಪನ್ನು ಮಾಡದಿರಿ.