ಎಲೆಯ ಮೇಲಿನ ಚಿನ್ನ ಮತ್ತು ನಮ್ಮ ಆಕ್ಷೇಪಗಳು

ತುರ್ಕಿಯ ಕೆಲವು ಕಲಾವಿದರು ಒಣಗಿದ ಎಲೆ, ಹಕ್ಕಿಯ ಗರಿ, ಮೊಟ್ಟೆಯ ಚಿಪ್ಪು ಮತ್ತು ಕಲ್ಲುಗಳ ಮೇಲೆ 'ತಝ್‌ಹೀಬ್' ಬಿಡಿಸುತ್ತಿದ್ದಾರೆ. ಚಿನ್ನದ ಬಳ್ಳಿ, ಕಡುನೀಲಿ ಹಿನ್ನೆಲೆ, ಕೂದಲೆಳೆಯಷ್ಟು ಸಪೂರವಾದ ಗೆರೆ. ಆ ಚಿತ್ರಗಳು ನಮ್ಮ ಮನೆಗಳ ಮೊಬೈಲುಗಳನ್ನೂ ತಲುಪಿವೆ. ಅವುಗಳ ಬೆನ್ನಿಗೇ ಆಕ್ಷೇಪವೂ ತಲುಪಿದೆ. ಮುಸ್‌ಹಫ್‌ನ ಪುಟಗಳಿಗೆ ಸಲ್ಲಬೇಕಾದ ಕಲೆಯನ್ನು ಕಸಕಡ್ಡಿಗೆ ಬಳಿಯುವುದು ಅಗೌರವವಂತೆ. ಹಿಂದಿನವರು ಮಾಡದ ಹೊಸ ಚಾಳಿಯಂತೆ. ಈ ಎರಡು ಮಾತುಗಳನ್ನೂ ನಾವು ಒಪ್ಪಲಾರೆವು.

ಮೊದಲು ಆ ಕೆಲಸ ಎಂಥದೆಂದು ತಿಳಿಯೋಣ. 'ಝಹಬ್' ಎಂದರೆ ಅರಬಿಯಲ್ಲಿ ಚಿನ್ನ. ತಝ್‌ಹೀಬ್ ಎಂದರೆ ಚಿನ್ನದಿಂದ ಅಲಂಕರಿಸುವುದು. ಚಿನ್ನದ ಹಾಳೆಗಳನ್ನು ಅರಬಿ ಗೋಂದಿನೊಡನೆ ತಟ್ಟೆಯಲ್ಲಿ ಬೆರಳಿನಿಂದಲೇ ಗಂಟೆಗಟ್ಟಲೆ ಅರೆಯುತ್ತಾರೆ. ನೀರಿನಲ್ಲಿ ತೊಳೆದಾಗ ತಳಕ್ಕಿಳಿಯುವ ನುಣುಪು ಪುಡಿಯೇ ಬಣ್ಣ. ಕಾಗದಕ್ಕೆ ಮೊದಲೇ ಮೊಟ್ಟೆಯ ಬಿಳಿ ಮತ್ತು ಪಟಿಕದ ಲೇಪ ಕೊಟ್ಟು, ಉಜ್ಜಿ, ತಿಂಗಳುಗಟ್ಟಲೆ ಹಾಗೆಯೇ ಇಟ್ಟಿರುತ್ತಾರೆ. ಹಚ್ಚಿದ ಚಿನ್ನಕ್ಕೆ ಅಗೇಟ್ ಕಲ್ಲಿನಿಂದ ಹೊಳಪು; ಕೊನೆಗೆ ಪ್ರತಿ ದಳದ ಸುತ್ತ 'ತಹ್ರೀರ್' ಎಂಬ ಅಂಚುಗೆರೆ. ಕಾಗದದ ಮೇಲೆಯೇ ಇಷ್ಟು ಕಷ್ಟವಾದರೆ, ಒತ್ತಿದರೆ ಪುಡಿಯಾಗುವ, ನರಗಳು ಉಬ್ಬಿರುವ ಒಣ ಎಲೆಯ ಮೇಲೆ ಎಷ್ಟು? ಇದನ್ನು ಚಾಳಿ ಎನ್ನುವವರು ಆ ಕುಂಚವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ.

ಇನ್ನು ಹೊಸತೆಂಬ ಮಾತು. 16ನೇ ಶತಮಾನದಲ್ಲಿ ಸುಲ್ತಾನ್ ಸುಲೈಮಾನರ ಆಸ್ಥಾನದ ಚಿತ್ರಶಾಲೆಯ ಮುಖ್ಯಸ್ಥನಾಗಿದ್ದ ಕರಾ ಮೆಮಿ, ಟ್ಯುಲಿಪ್, ಗುಲಾಬಿ, ಕಾರ್ನೇಷನ್ ಹೂಗಳನ್ನು ಪುಟದಂಚಿಗೆ ತಂದವನು. ಅದೇ ಬಗೆಯ ಹೂಗಳು ಇಝ್ನಿಕ್ ಹೆಂಚುಗಳ ಮೇಲೆ ಅರಳಿ ಇಸ್ತಾಂಬುಲ್‌ನ ರುಸ್ತುಮ್ ಪಾಷಾ ಮಸೀದಿಯ ಗೋಡೆಗಳನ್ನು ತುಂಬಿದವು. ಎದಿರ್ನೆಯ ಕುಶಲಕರ್ಮಿಗಳು ಮರದ ಪೆಟ್ಟಿಗೆಗಳ ಮೇಲೆ ಹೂ ಬಿಡಿಸಿ ಅರಗಿನ ಮೆರುಗು ಕೊಟ್ಟರು. ಎಲೆಯೂ ಹೊಸತಲ್ಲ: 19ನೇ ಶತಮಾನದ ಉಸ್ಮಾನೀ ಲಿಪಿಕಾರರು ಎಲೆಯ ತಿರುಳನ್ನು ತೆಗೆದು, ಉಳಿದ ನರಗಳ ಜಾಲದ ಮೇಲೆ ಚಿನ್ನದ ಅಕ್ಷರಗಳನ್ನು ಮೂಡಿಸಿದ್ದಾರೆ. ಅಷ್ಟು ದೂರ ಹೋಗುವುದೇಕೆ, ಬಿಜಾಪುರದ ಜಾಮಿಯಾ ಮಸೀದಿಯ ಮಿಹ್ರಾಬನ್ನು ನೋಡಿರಿ. ತುರ್ಕಿಯ ಶೈಲಿ ಅದಲ್ಲವಾದರೂ, 1636ರಲ್ಲಿ ಅಲ್ಲಿ ಚಿನ್ನ ಹತ್ತಿದ್ದು ಗೋಡೆಗೆ. ಪುಸ್ತಕಗಳನ್ನಿಟ್ಟ ಗೂಡುಗಳನ್ನೂ ಅಲ್ಲಿ ಚಿತ್ರಿಸಿದ್ದಾರೆ.

ಮುಸ್‌ಹಫ್‌ಗೆ ಮಾತ್ರ ಮೀಸಲಿಡಿ ಎನ್ನುವವರಿಗೆ ನಮ್ಮದೊಂದು ಪ್ರಶ್ನೆ: ನಿಮ್ಮಲ್ಲಿ ಯಾರು ಕೈಬರಹದ ಒಂದು ಮುಸ್‌ಹಫ್ ಬರೆಸಿದ್ದೀರಿ? ಎಲ್ಲರ ಮನೆಯಲ್ಲಿರುವುದೂ ಅಚ್ಚಿನ ಪ್ರತಿಯೇ. 1928ರಲ್ಲಿ ತುರ್ಕಿ ಅರಬಿ ಲಿಪಿಯನ್ನು ಕೈಬಿಟ್ಟಾಗ ಕೈಬರಹದ ಗ್ರಂಥವನ್ನು ನಂಬಿದ್ದವರ ಜೀವನೋಪಾಯವೇ ಕುಸಿಯಿತು. ವೈದ್ಯರಾಗಿದ್ದ ಸುಹೈಲ್ ಉನ್ವೆರ್, ಇಸ್ತಾಂಬುಲ್‌ನ ಕಲಾ ಅಕಾಡೆಮಿಯಲ್ಲಿ ಕಲಿಸಿದ ರಿಕ್ಕತ್ ಕುಂತ್ ಎಂಬ ಮಹಿಳೆ, ಇಂಥ ಕೆಲವರು ಶಿಷ್ಯರನ್ನು ತಯಾರು ಮಾಡಿದ್ದರಿಂದ ಕಲೆ ಉಳಿಯಿತು. 2023ರಲ್ಲಿ ಯುನೆಸ್ಕೊ ಅದನ್ನು ತುರ್ಕಿ, ಇರಾನ್, ಅಝರ್‌ಬೈಜಾನ್, ತಜಿಕಿಸ್ತಾನ, ಉಝ್ಬೆಕಿಸ್ತಾನಗಳ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ಆ ಶಿಷ್ಯಪರಂಪರೆಯ ಹೆಣ್ಣುಮಗಳೊಬ್ಬಳು ಎಲೆಯ ಮೇಲೆ ಬರೆದು ತನ್ನ ಅನ್ನ ಸಂಪಾದಿಸಿದರೆ ಅಗೌರವವಾಗುವುದು ಯಾವುದಕ್ಕೆ?

ಆಯತ್‌ಗಳನ್ನು ಬರೆದರೆ ಮಾತು ಬೇರೆ, ಅದನ್ನು ನಾವೂ ಬಲ್ಲೆವು. ಬರಿಯ ಹೂಬಳ್ಳಿಗೆ ಇಲ್ಲದ ಅದಬ್ ಅಲ್ಲಾಹನ ವಚನಕ್ಕಿದೆ. ಹಳೆಯ ಆ ಎಲೆಗಳಲ್ಲಿಯೂ ಆಯತ್‌ಗಳಿವೆ. ಆದರೆ ಅವನ್ನು ಚೌಕಟ್ಟಿನೊಳಗಿಟ್ಟು ಕಾಪಾಡಿಕೊಂಡು ಬಂದುದರಿಂದಲೇ ಇಂದಿಗೂ ನೋಡಲು ಸಿಗುತ್ತಿವೆ. ಕೀಲಿಕೈ ಗೊಂಚಲಿಗೆ ಆಯತ್ ಬರೆದು ಮಾರುವವರಿದ್ದರೆ, ಅವರನ್ನು ತಡೆಯುವುದರಲ್ಲಿ ನಾವು ನಿಮ್ಮ ಜೊತೆಗಿದ್ದೇವೆ.

ಆದರೆ ನಮ್ಮ ಮದುವೆಯ ಆಮಂತ್ರಣ ಪತ್ರಿಕೆಗಳ ಕತೆಯೇನು? ಮಿರುಗುವ ಚಿನ್ನದ ಬಣ್ಣದಲ್ಲಿ ಬಿಸ್ಮಿಲ್ಲಾಹ್ ಅಚ್ಚು ಹಾಕಿಸಿ ಸಾವಿರ ಪ್ರತಿ ಹಂಚುತ್ತೇವೆ. ನಿಕಾಹ್ ಮುಗಿದ ಮರುದಿನ ಅವು ಬಿರಿಯಾನಿಯ ಎಂಜಲು ತಟ್ಟೆಗಳ ಜೊತೆ ಶಾದಿ ಮಹಲಿನ ಹಿತ್ತಿಲಲ್ಲಿ ಬಿದ್ದಿರುತ್ತವೆ. ಇಸ್ತಾಂಬುಲ್‌ನ ಎಲೆಯ ಬಗ್ಗೆ ಇಷ್ಟು ಕಳವಳಪಡುವವರು ಮೊದಲು ಆ ಪತ್ರಿಕೆಗಳನ್ನು ಹೆಕ್ಕಿ ತರಲಿ. ಎಲೆಯ ವಿಚಾರ ಆಮೇಲೆ ಮಾತಾಡೋಣ.