ಓಣಿ ಮೂಲಿ ಖಾಲಿ ಬಿಡ್ರಿ

ಹುಡುಗೂರು ಸಾಲಿಗೆ ಹೊಂಟರ ನಮ್ಮ ಬಾಯಾಗಿಂದ ಮೊದಲ ಬರೋ ಮಾತು, "ನೋಡ್ಕೊಂಡು ರಸ್ತಾ ದಾಟು." ಅತ್ತಿಯವರು ಗುಡಿಗೆ ಹೊಂಟರೂ ಅದ ಮಾತು. ಯಾರಿಗರೆ ಗಾಡಿ ಬಡೀತಂದ್ರ ಓಣಿ ಮಂದಿ ಕೇಳೋದೂ ಅದನ್ನ, "ನೋಡಿ ದಾಟಬೇಕಿಲ್ಲೇನು?" ಈ ಮಾತು ಕೇಳಿದ್ರ ನನಗ ಸಿಟ್ಟು ಬರತದ. ನೋಡಬೇಕಂದ್ರ ಮುಂದಿಂದು ಕಾಣಬೇಕಲ್ರಿ!

ಧಾರವಾಡದಾಗ ಸಪ್ತಾಪುರ, ಮಾಳಮಡ್ಡಿ, ಹುಬ್ಬಳ್ಳಿಯೊಳಗ ವಿದ್ಯಾನಗರ, ಯಾವ ಕಡೆನರೆ ಹೋಗ್ರಿ. ಸಣ್ಣ ಓಣಿ ಬಂದು ದೊಡ್ಡ ರಸ್ತಾಕ್ಕ ಕೂಡೋ ಮೂಲ್ಯಾಗ ಬರೋಬ್ಬರಿ ಒಂದು ಕಾರು ನಿಂತಿರತದ. ಅದರ ಬಾಜೂಕ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ದೊಡ್ಡ ಸರ್ಕಲ್‌ನ್ಯಾಗಾದ್ರ ಸಿಗ್ನಲ್ ಇರತದ, ಪೊಲೀಸರು ಇರತಾರ. ಓಣಿ ಮೂಲ್ಯಾಗ ನಮಗಿರೋದು ನಮ್ಮ ಕಣ್ಣಷ್ಟ. ಆ ಕಣ್ಣಿಗೇ ಅಡ್ಡ ಇಟ್ಟು, ಆಮ್ಯಾಲೆ "ನೋಡಲಿಲ್ಲ" ಅಂತ ಬೈಯೂದು ಯಾವ ನ್ಯಾಯ?

ಸ್ವಲ್ಪ ಲೆಕ್ಕ ಹಾಕೋಣು. ನಿಂತ ಕಾರು ಸುಮಾರು 5 ಫೂಟು ಎತ್ತರ, ಈಗಿನ ದೊಡ್ಡ ಗಾಡಿ ಅದಕ್ಕೂ ಎತ್ತರ. ಒಂದನೇತ್ತದ ಹುಡುಗ 4 ಫೂಟನೂ ಇರೂದಿಲ್ಲ. ಅವಗ ಬರೋ ಬೈಕು ಕಾಣಂಗಿಲ್ಲ, ಬೈಕಿನವಗ ಅಂವ ಕಾಣಂಗಿಲ್ಲ. ಕಾಣಬೇಕಂದ್ರ ಕಾರಿನ ಆಚೆ ಎರಡು ಹೆಜ್ಜಿ ರಸ್ತಾದೊಳಗ ಬರಬೇಕು. ಅಂದ್ರ ಅಪಾಯ ಅದನೋ ಇಲ್ಲೋ ನೋಡಲಿಕ್ಕೆ ಅಪಾಯದಾಗೇ ಕಾಲಿಡಬೇಕು. ತಾಸಿಗೆ 40 ಕಿಲೋಮೀಟರ್ ಬರೋ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದ ಬರತದ. ಹುಡುಗನ್ನ ಕಂಡು ಬ್ರೇಕಿಗೆ ಕೈ ಹೋಗೋದ್ರಾಗನ ಆ ಒಂದು ಸೆಕೆಂಡು ಮುಗದಿರತದ.

ಇದು ನಾ ಹುಟ್ಟಿಸಿದ ತಕರಾರಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮದಾಗ ಸ್ಪಷ್ಟ ಅದ: ಕ್ರಾಸಿನ ಅಂಚಿನಿಂದ 50 ಮೀಟರ್ ತನಕ, ಹಿಂದನೂ ಮುಂದನೂ, ಗಾಡಿ ನಿಲ್ಲಸಬಾರದು. ಫುಟ್‌ಪಾತ್ ಮ್ಯಾಲೂ ನಿಲ್ಲಸಬಾರದು. ಕ್ಯಾಲಿಫೋರ್ನಿಯಾದಾಗ ಯಾರ ಮಕ್ಕಳಿದ್ರ ಕೇಳ್ರಿ. ಅಲ್ಲಿ ಹೊಸ ಕಾಯ್ದೆ ಪ್ರಕಾರ ಮಂದಿ ದಾಟೋ ಜಾಗಾಕ್ಕ ಗಾಡಿ ಬರೋ ಕಡೆಯಿಂದ 20 ಫೂಟು ಖಾಲಿ ಬಿಡಬೇಕು, 2025ರಿಂದ ಬಿಡದವರಿಗೆ ದಂಡ. ನಮ್ಮ 50 ಮೀಟರ್ ಅಂದ್ರ ಅದರ ಎಂಟು ಪಟ್ಟು. ಕಾಗದದ ಮ್ಯಾಲೆ ನಾವೇ ಶಾಣ್ಯಾರು!

"ಮೊದಲ ಆ ಕಾಯಿಪಲ್ಲೆ ಗಾಡಿಯವನ್ನ ಓಡಸ್ರಿ" ಅಂತ ಕೆಲವರು ಅಂತಾರ. ಅವಂಗ "ಸ್ವಲ್ಪ ಸರೀಪಾ" ಅಂದ್ರ ತಳ್ಕೊಂಡು ಸರೀತಾನ. ಕೀಲಿ ಹಾಕಿ ಒಳಗ ಮಲಗಿದ ಸಾಹೇಬರ ಕಾರು ಸರೀತದೇನು? ಬಡವನ ಗಾಡಿ ಅಷ್ಟ ಕಣ್ಣಿಗೆ ಚುಚ್ಚತದ, ನಮ್ಮ ಕಾರು ಚುಚ್ಚಂಗಿಲ್ಲ.

"ಹಂಗಾರ ಕಾರು ಎಲ್ಲೆ ನಿಲ್ಲಸೂದು?" ಅಂತೀರಿ. ಮನ್ಯಾಗ ಜಾಗಾ ಇಲ್ಲಂತ ನಮ್ಮ ತಿಜೋರಿ ಒಯ್ದು ಓಣಿ ಮೂಲ್ಯಾಗ ಇಟ್ಟು ಬರತೀವೇನ್ರಿ? ಕಾರೂ ನಮ್ಮ ಮನಿ ಸಾಮಾನೇ. ಅದಕ್ಕ ಜಾಗಾ ಹುಡುಕೂದು ಕೊಂಡವರ ಕೆಲಸ, ದಾಟೋವರದಲ್ಲ. ಒಂದು ನಾಕು ಮನಿ ಆಚೆ ನಿಲ್ಲಿಸಿ ನಡಕೊಂಡು ಬರಲಿ. ನಡಿಯೂದು ಆರೋಗ್ಯಕ್ಕ ಚಲೋ ಅಂತ ವಾಟ್ಸಾಪಿನ್ಯಾಗ ದಿನಾ ಕಳಸತಾರಲ್ಲ!

ಅಕ್ಕಾರ, ವೈನ್ಯಾರ, ಇದು ನಮ್ಮ ಪಾಲಿನ ಜಗಳ. ಕಾರು ಹೆಚ್ಚಾಗಿ ಗಂಡಸರ ಹೆಸರಿನ್ಯಾಗ ಇರತದ. ಹಾಲಿಗೆ, ಕಾಯಿಪಲ್ಲೆಗೆ, ಗುಡಿಗೆ, ಸಾಲಿ ಬಸ್ಸಿಗೆ ಅಂತ ದಿನಕ್ಕ ನಾಕು ಸಲ ಆ ಮೂಲಿ ದಾಟೋವರು ನಾವು, ನಮ್ಮ ಮುದುಕರು, ನಮ್ಮ ಕೂಸುಗಳು. 50 ಮೀಟರ್ ಹೌಹಾರೋಹಂಗ ಆತೇನು? ಮೊದಲ ಮೂಲಿ ಮ್ಯಾಲಿನ ಒಂದು ಕಾರಿನ ಜಾಗಾ ಅರೆ ಬಿಡ್ರಿ. ಫ್ಲೆಕ್ಸು ತಗಸ್ರಿ. ಕಂಪೌಂಡ್ ದಾಟಿ ಬೆಳದ ದಾಸವಾಳ, ಬೋಗನ್‌ವಿಲ್ಲಾ ಎದಿ ಮಟ್ಟಕ್ಕ ಕತ್ತರಸ್ರಿ. ವಾರ್ಡಿನ ಮೆಂಬರ್ ಓಟು ಕೇಳಲಿಕ್ಕೆ ಬಂದಾಗ, ಮೂಲ್ಯಾಗ ಗಾಡಿ ನಿಲ್ಲದಂಗ ಗಿಡ್ಡ ಕಂಬ ನೆಡಸಪಾ ಅಂತ ಎಲ್ಲಾರೂ ಕೂಡೇ ಕೇಳ್ರಿ.

ಮತ್ತ ನಾಳೆ ಮುಂಜಾನೆ ಹುಡುಗಗ "ನೋಡ್ಕೊಂಡು ದಾಟು" ಅನ್ನೋಕಿಂತ ಮೊದಲ, ಹುಡುಗನ ಅಪ್ಪಗ "ಮೂಲ್ಯಾಗಿನ ಕಾರು ತಗೀರಿ" ಅಂತ ಹೇಳ್ರಿ.