ಹಕ್ಕು ಬಿಟ್ಟುಕೊಡುವ ಕಾಗದ ಇಂಗ್ಲಿಷಿನಲ್ಲೇಕೆ?



ನಾಮಫಲಕದ ಮೇಲೆ ಕನ್ನಡ ಬೇಕೆಂದು ಬೀದಿಗಿಳಿದವರು ನಾವು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ನಡೆದ ಹೋರಾಟದಲ್ಲಿ ನಮ್ಮವರು ಬಂಧನಕ್ಕೊಳಗಾದರು. 2024ರಲ್ಲಿ ಫಲಕದ ಶೇಕಡಾ 60 ಭಾಗ ಕನ್ನಡವಿರಬೇಕೆಂಬ ತಿದ್ದುಪಡಿ ಬಂತು. ಸಂತೋಷ. ಆದರೆ ಆ ಫಲಕ ನೇತುಹಾಕಿದ ಗೋಡೆಯನ್ನು ಕಟ್ಟಿದವನು ರುಜು ಮಾಡುವ ಕಾಗದದಲ್ಲಿ ಕನ್ನಡ ಶೇಕಡಾ ಎಷ್ಟು? ಹೋಗಿ ನೋಡಿ. ಹೆಚ್ಚಿನ ಕಡೆ ಸೊನ್ನೆ! ಗೋಡೆಯ ಹೊರಗೆ ಕನ್ನಡ, ಗೋಡೆಯ ಒಳಗೆ ಇಂಗ್ಲಿಷ್. ಇದನ್ನೇ ಗೆಲುವೆಂದು ಬೀಗುತ್ತ ಕೂರೋಣವೇ?

ಯಾವ ಕಾಗದ ಎಂದು ಕೇಳುತ್ತೀರಾ? ಗಾರೆ ಮೇಸ್ತ್ರಿ, ಸೆಂಟ್ರಿಂಗ್‌ನವನು, ಕಂಬಿ ಕಟ್ಟುವವನು, ಪೇಂಟರ್, ಪ್ಲಂಬರ್, ಟೈಲ್ಸ್ ಹಾಕುವವನು ಇವರೆಲ್ಲ ದೊಡ್ಡ ಕಂಪನಿಯ ಕೆಳಗೆ ತುಂಡು ಗುತ್ತಿಗೆ ಹಿಡಿದು ದುಡಿಯುವವರು. ಕೆಲಸ ಮುಗಿದು ಕೊನೆಯ ಬಿಲ್ಲಿಗೆ ಹೋದಾಗ ಆಫೀಸಿನವರು ಒಂದು ಹಾಳೆ ಮುಂದಿಡುತ್ತಾರೆ. ಅದರ ಹೆಸರು ‘ನೋ ಕ್ಲೇಮ್ ಸರ್ಟಿಫಿಕೇಟ್’. “ಇಲ್ಲಿ ಸೈನ್ ಮಾಡಪ್ಪ, ನೋಟರಿ ಮಾಡಿಸಿಕೊಂಡು ಬಾ, ಆಮೇಲೆ ಚೆಕ್ಕು.” ಆ ಹಾಳೆಯಲ್ಲಿ ಇರುವುದೇನು? ನನಗೆ ಬರಬೇಕಾದ ಹಣವೆಲ್ಲ ಬಂದಿದೆ, ಇನ್ನು ಯಾವ ಬಾಕಿಯೂ ಇಲ್ಲ, ಮುಂದೆ ಯಾವ ನ್ಯಾಯಾಲಯದಲ್ಲೂ ಕೇಳುವುದಿಲ್ಲ ಎಂಬ ಮಾತು. ಚೆಕ್ಕು ಇನ್ನೂ ಕೈಗೆ ಬಂದಿಲ್ಲ, ಬಂದಿದೆ ಎಂದು ಬರೆದಾಗಿದೆ! ನಕ್ಷೆಯಲ್ಲಿ ಇಲ್ಲದೆ ಬಾಯಿಮಾತಿನಲ್ಲಿ ಮಾಡಿಸಿಕೊಂಡ ಹೆಚ್ಚುವರಿ ಕೆಲಸ, ಪ್ರತಿ ಬಿಲ್ಲಿನಲ್ಲೂ ಮುರಿದು ಹಿಡಿದಿಟ್ಟುಕೊಂಡ ಹಣ, ಎಲ್ಲವೂ ಆ ಒಂದು ರುಜುವಿನಲ್ಲಿ ಹೋಯಿತು. ಮೇಸ್ತ್ರಿಗೆ ಅದು ಗೊತ್ತಾಗುವುದು ಯಾವಾಗ? ಬಾಕಿ ಕೇಳಲು ಹೋದ ದಿನ.

ಕನ್ನಡ ಓದಬಲ್ಲವನನ್ನು ಕಣ್ಣಿದ್ದೂ ಕುರುಡನನ್ನಾಗಿ ಮಾಡುವ ವಿದ್ಯೆ ಇದು. ಇವನು ಅನಕ್ಷರಸ್ಥನಲ್ಲ. ದಿನಪತ್ರಿಕೆ ಓದುತ್ತಾನೆ, ಕೂಲಿಯವರ ಹಾಜರಿ ಬರೆಯುತ್ತಾನೆ, ಅಳತೆ ಹಿಡಿದು ಲೆಕ್ಕ ಹಾಕುತ್ತಾನೆ. ಅವನನ್ನು ಹೆಬ್ಬೆಟ್ಟಿನವನನ್ನಾಗಿ ಮಾಡಿದ್ದು ಇಂಗ್ಲಿಷ್.

ದರ್ಜಿಗಿರುವ ಹಕ್ಕೂ ಇಲ್ಲ

ಅಂಗಿ ಹೊಲಿದ ದರ್ಜಿ ಕೂಲಿ ಕೈಗೆ ಬರುವ ತನಕ ಅಂಗಿಯನ್ನು ಹಿಡಿದಿಟ್ಟುಕೊಳ್ಳಬಹುದು. 1872ರ ಕರಾರು ಕಾಯ್ದೆಯ 170ನೇ ಕಲಮು ಕೊಟ್ಟ ಹಕ್ಕು ಅದು. ಮನೆ ಕಟ್ಟಿದವನಿಗೆ? ಮನೆ ಅಂಗಿಯಲ್ಲ, ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕೂಲಿ ಬಾರದ ಕೆಲಸಗಾರ ಕಟ್ಟಡದ ಮೇಲೆಯೇ ತನ್ನ ಬಾಕಿಯ ಹಕ್ಕನ್ನು ದಾಖಲಿಸಬಹುದು. ಮೇರಿಲ್ಯಾಂಡ್‌ನಲ್ಲಿ 1791ರಲ್ಲೇ ಶುರುವಾದ ಕಾನೂನು ಅದು. ಹಣ ಬಂದ ಮೇಲೆ ಆ ಹಕ್ಕನ್ನು ಬಿಟ್ಟುಕೊಟ್ಟು ಪತ್ರ ಬರೆದುಕೊಡಬೇಕು. ನಮ್ಮ ಮೇಸ್ತ್ರಿಗೆ ಕಟ್ಟಡದ ಮೇಲೆ ಅಂಥ ಹಕ್ಕಿಲ್ಲ. ಅವನಿಗೆ ಉಳಿದಿರುವುದು ಒಂದೇ: ನನ್ನ ಬಾಕಿ ಕೊಡಿ ಎಂದು ಕೇಳುವ ಬಾಯಿ. ಇಂಗ್ಲಿಷ್ ಹಾಳೆ ಕಿತ್ತುಕೊಳ್ಳುವುದು ಆ ಬಾಯನ್ನೇ!

ಕೋರ್ಟಿಗೆ ಹೋಗಬಹುದಲ್ಲ ಎನ್ನುತ್ತಾರೆ. ಹೌದು, 2004ರಲ್ಲಿ ಎನ್‌ಟಿಪಿಸಿ ಮತ್ತು ರೇಶ್ಮಿ ಕನ್‌ಸ್ಟ್ರಕ್ಷನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಾಕಿ ಇಲ್ಲವೆಂದು ಬರೆದುಕೊಟ್ಟ ಮಾತ್ರಕ್ಕೆ ಗುತ್ತಿಗೆದಾರನ ಬಾಯಿ ಕಟ್ಟಿಹೋಗದು, ಒತ್ತಾಯಕ್ಕೆ ಬರೆದುಕೊಟ್ಟಿದ್ದರೆ ಪ್ರಶ್ನಿಸಬಹುದು ಎಂದಿತು. ಆದರೆ 2011ರ ಮಾಸ್ಟರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ, ಒತ್ತಾಯ, ಮೋಸ ಎಂದು ಬರಿಯ ಬಾಯಿಮಾತಿನಲ್ಲಿ ಹೇಳಿದರೆ ಸಾಲದು ಎಂದೂ ಹೇಳಿತು. ಸಾವಿರಗಳ ಲೆಕ್ಕದಲ್ಲಿ ಬಾಕಿ ಇರುವ ಮೇಸ್ತ್ರಿ ಯಾವ ವಕೀಲರನ್ನು ಹಿಡಿದು, ಯಾವ ಪುರಾವೆ ಹೊತ್ತು, ಎಷ್ಟು ವರ್ಷ ಅಲೆಯಬೇಕು? ಸಹಿ ಮಾಡಿದವನು ತಿಳಿದೇ ಮಾಡಿದ್ದಾನೆ ಎಂಬುದೇ ಕೋರ್ಟಿನ ಮೊದಲ ಊಹೆ. ಅದರ ಮೇಲೆ ನೋಟರಿಯ ಕೆಂಪು ಮುದ್ರೆಯೂ ಬಿದ್ದರೆ ಮುಗಿಯಿತು!

ನೋಟರಿಯ ಕೆಲಸ ಬರೀ ಠಸ್ಸೆ ಒತ್ತುವುದೇ?

1952ರ ನೋಟರಿ ಕಾಯ್ದೆಯನ್ನು ತೆರೆದು ನೋಡಿ. ಎಂಟನೇ ಕಲಮಿನಲ್ಲಿ ನೋಟರಿಯ ಕೆಲಸಗಳ ಪಟ್ಟಿಯಿದೆ. ದಸ್ತಾವೇಜನ್ನು ದೃಢೀಕರಿಸುವುದು ಅದರಲ್ಲಿ ಒಂದು. ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಸ್ತಾವೇಜನ್ನು ಅನುವಾದಿಸುವುದು, ಅನುವಾದ ಸರಿಯಿದೆಯೇ ಎಂದು ಪರಿಶೀಲಿಸುವುದು ಕೂಡ ಅದೇ ಪಟ್ಟಿಯಲ್ಲಿದೆ! ನಮ್ಮಲ್ಲಿ ಎಷ್ಟು ಮಂದಿ ನೋಟರಿಗಳು ತಮ್ಮ ಮುಂದೆ ನಿಂತ ಕೂಲಿಕಾರನಿಗೆ “ಇದರಲ್ಲಿ ಹೀಗೆ ಬರೆದಿದೆ, ಒಪ್ಪಿಗೆಯೇನಪ್ಪ?” ಎಂದು ಕನ್ನಡದಲ್ಲಿ ಕೇಳಿದ್ದಾರೆ? ಕಾನೂನು ಕೈಗೆ ಭಾಷೆ ಕೊಟ್ಟಿದೆ, ನಾವು ಠಸ್ಸೆ ಮಾತ್ರ ಹಿಡಿದಿದ್ದೇವೆ.

1908ರ ನೋಂದಣಿ ಕಾಯ್ದೆಯ 19ನೇ ಕಲಮನ್ನೂ ನೋಡಿ. ನೋಂದಣಿ ಅಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದ ಭಾಷೆಯ ಪತ್ರ ಬಂದರೆ, ಬಳಕೆಯ ಭಾಷೆಯ ಅನುವಾದ ಜೊತೆಗಿಲ್ಲದೆ ನೋಂದಾಯಿಸಬಾರದು. ಬ್ರಿಟಿಷರು ಮಾಡಿದ ಕಾನೂನು ಇದು! ಅಧಿಕಾರಿಗೆ ಅರ್ಥವಾಗಬೇಕೆಂಬ ಕಾಳಜಿ ಪರಕೀಯರಿಗೂ ಇತ್ತು. ರುಜು ಮಾಡುವವನಿಗೆ ಅರ್ಥವಾಗಬೇಕೆಂಬ ಕಾಳಜಿ ನಮ್ಮವರಿಗೇ ಇಲ್ಲವಾಯಿತೇ?

ಮೊದಲು ಹೆಬ್ಬೆಟ್ಟು, ಈಗ ಓಟಿಪಿ

ಇಷ್ಟು ದಿನ ಕಾಗದವಾದರೂ ಕೈಗೆ ಬರುತ್ತಿತ್ತು. ಪಕ್ಕದಲ್ಲಿ ನಿಂತ ಓದಿದ ಹುಡುಗನನ್ನು ಕೇಳಬಹುದಿತ್ತು. ಈಗ ಫೋನಿಗೇ ಬರುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ, ಒತ್ತಿದರೆ ಸಹಿಯಾಯಿತು. ಉಯಿಲಿಗೆ ಇಂಥ ಸಹಿ ನಡೆಯದು ಎಂದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲನೆಯ ಅನುಸೂಚಿ ಹೇಳುತ್ತದೆ. ಬಾಕಿ ಇಲ್ಲವೆಂದು ಬರೆದುಕೊಡುವ ಪತ್ರ ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಸತ್ತ ಮೇಲೆ ಆಸ್ತಿ ಯಾರಿಗೆ ಎಂಬ ಪತ್ರಕ್ಕೆ ಕಾವಲಿದೆ, ಬದುಕಿರುವಾಗ ದುಡಿದ ಕೂಲಿಗೆ ಕಾವಲಿಲ್ಲ!

ಅಮೆರಿಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ನೋಟರಿಯೂ ಪರದೆಯ ಮೇಲೆ ಬರುತ್ತಾನೆ. ವರ್ಜೀನಿಯಾ ರಾಜ್ಯದಲ್ಲಿ 2012ರಲ್ಲಿ ಜಾರಿಗೆ ಬಂದ ಈ ಪದ್ಧತಿ 2020ರ ಕೊರೊನಾ ಕಾಲದ ನಂತರ 40ಕ್ಕೂ ಹೆಚ್ಚು ರಾಜ್ಯಗಳಿಗೆ ಹಬ್ಬಿದೆ. ಕಟ್ಟಡದ ಮೇಲಿನ ಹಕ್ಕು ಬಿಡುವ ಪತ್ರಗಳನ್ನೂ ಹೀಗೆ ದೃಢೀಕರಿಸುತ್ತಾರೆ. ನಮ್ಮ ನೋಟರಿ ಕಾಯ್ದೆಯಲ್ಲಿ ವಿಡಿಯೊ ನೋಟರಿಯ ಮಾತೇ ಇಲ್ಲ. ಆದರೆ ಅಮೆರಿಕದಲ್ಲಿ ಮಳೆ ಬಂದರೆ ಬೆಂಗಳೂರಿನ ಕಂಪನಿಗಳು ಕೊಡೆ ಬಿಡಿಸುತ್ತವೆ. ಇಂದಲ್ಲ ನಾಳೆ ಇಲ್ಲಿಗೂ ಬರುತ್ತದೆ. ಬರುವ ಮೊದಲೇ ಬಾಗಿಲಲ್ಲಿ ನಿಂತು ಕೇಳಬೇಕಾದ ಪ್ರಶ್ನೆ: ಪರದೆಯ ಮೇಲಿನ ನೋಟರಿ ಯಾವ ಭಾಷೆಯಲ್ಲಿ ಮಾತಾಡುತ್ತಾನೆ?

ಅಮೆರಿಕದಿಂದ ತಂತ್ರ ತರುವವರು ಅಲ್ಲಿಯ ಕಾವಲನ್ನೂ ತರಲಿ. ಟೆಕ್ಸಸ್‌ನಲ್ಲಿ ಪರದೆಯ ನೋಟರಿ ಆ ಮಾತುಕತೆಯ ದೃಶ್ಯಮುದ್ರಣವನ್ನು ಕನಿಷ್ಠ 5 ವರ್ಷ ಇಟ್ಟುಕೊಂಡಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಕ್ಕು ಬಿಡುವ ಪತ್ರದ ನಮೂನೆಯನ್ನು ಕಂಪನಿ ಬರೆಯುವ ಹಾಗಿಲ್ಲ, ಕಾನೂನೇ ನಾಲ್ಕು ನಮೂನೆ ಬರೆದಿಟ್ಟಿದೆ. ಹಣ ಕೈಸೇರಿದ ಮೇಲೆ ಮಾತ್ರ ಹಕ್ಕು ಬಿಡುವ ಪತ್ರ ಬೇರೆ, ಷರತ್ತಿಲ್ಲದೆ ಬಿಡುವ ಪತ್ರ ಬೇರೆ. ಷರತ್ತಿಲ್ಲದ ಪತ್ರದ ಮೇಲೆ, ಹಣ ಬಾರದಿದ್ದರೂ ಸಹಿ ಮಾಡಿದರೆ ಹಕ್ಕು ಹೋಗುತ್ತದೆ ಎಂಬ ಎಚ್ಚರಿಕೆಯನ್ನು ಅಚ್ಚು ಹಾಕಿರಲೇಬೇಕು.

ಇನ್ನೊಂದು ಮಾತು ಕೇಳಿ. ಕ್ಯಾಲಿಫೋರ್ನಿಯಾದ ಅಧಿಕೃತ ಭಾಷೆ ಇಂಗ್ಲಿಷ್ ಎಂದು 1986ರಲ್ಲಿ ಅಲ್ಲಿನ ಮತದಾರರೇ ತೀರ್ಮಾನಿಸಿದ್ದಾರೆ. ಹಾಗಿದ್ದೂ ಸಾಲ, ಬಾಡಿಗೆ ಮುಂತಾದ ಕೆಲವು ಬಗೆಯ ಕರಾರುಗಳ ಮಾತುಕತೆ ಸ್ಪ್ಯಾನಿಷ್, ಚೀನಿ, ಟಗಾಲೊಗ್, ವಿಯೆಟ್ನಾಮಿ, ಕೊರಿಯನ್ ಭಾಷೆಯಲ್ಲಿ ನಡೆದಿದ್ದರೆ, ಸಹಿಗೆ ಮೊದಲು ಅದೇ ಭಾಷೆಯ ಅನುವಾದ ಕೊಡಬೇಕು. 1974ರಲ್ಲಿ ಸ್ಪ್ಯಾನಿಷ್‌ಗೆಂದು ಶುರುವಾದ ಕಾನೂನು ಇದು. ಅಲ್ಲಿ ವಲಸೆ ಬಂದವನ ಭಾಷೆಗೆ ಇರುವ ಮಾನ ಇಲ್ಲಿ ಮನೆಯವನ ಭಾಷೆಗೆ ಇಲ್ಲ! 1963ರಲ್ಲೇ ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ರಾಜ್ಯಕ್ಕೆ ಇದಕ್ಕಿಂತ ನಾಚಿಕೆಗೇಡು ಬೇಕೇ?

ಕನ್ನಡದಲ್ಲಿ ಪದವಿಲ್ಲವಂತೆ!

ಕಾನೂನಿನ ಸೂಕ್ಷ್ಮ ಕನ್ನಡದಲ್ಲಿ ಬಾರದು ಎಂಬ ಹಳೆಯ ರಾಗ ಮತ್ತೆ ಕೇಳಿಬರುತ್ತದೆ. ಸ್ವಾಮಿ, ‘ನೋ ಡ್ಯೂ ಸರ್ಟಿಫಿಕೇಟ್’ ಎಂಬ ಮಾತು ಹುಟ್ಟಿಸಿಕೊಂಡು ಬರುವ ಮೊದಲೇ ನಮ್ಮ ಸಹಕಾರ ಸಂಘಗಳಲ್ಲಿ ‘ಬೇಬಾಕಿ ಪತ್ರ’ ಇತ್ತು. ಹಕ್ಕು ಖುಲಾಸೆ ಪತ್ರ, ಕ್ರಯಪತ್ರ, ಭೋಗ್ಯಪತ್ರ, ಜಾಮೀನು, ಪಾವತಿ, ರಸೀತಿ ಇವೆಲ್ಲ ಯಾವ ಭಾಷೆಯ ಮಾತು? ಎಲ್ಲಿಂದಲೋ ಬಂದು ಕನ್ನಡದ ಮನೆಯಲ್ಲಿ ಸಂಸಾರ ಹೂಡಿದ ಪದಗಳೂ ಅವುಗಳಲ್ಲಿವೆ, ಹಳ್ಳಿಯ ಮುದುಕಿಗೂ ಅರ್ಥವಾಗುತ್ತವೆ. ಪತ್ರದ ಕೊನೆಗೆ ‘ಓದಿಸಿ ಕೇಳಿ, ಒಪ್ಪಿ ರುಜು ಮಾಡಿದ್ದೇನೆ’ ಎಂದು ಬರೆದು, ಬರೆದವನು ‘ಬಿಕ್ಕಲಂ’ ಎಂದು ತನ್ನ ಹೆಸರು ಹಾಕುತ್ತಿದ್ದ ನಾಡು ಇದು. ಓದಿಸಿ ಕೇಳುವುದು ನಮ್ಮ ಪತ್ರ ವ್ಯವಹಾರದ ಧರ್ಮವಾಗಿತ್ತು.

ಇನ್ನೂ ಹಿಂದಕ್ಕೆ ಹೋಗಿ. ಹಲ್ಮಿಡಿ ಶಾಸನವೇ ಒಂದು ದತ್ತಿಯ ದಾಖಲೆ. ನಮ್ಮ ಎಷ್ಟೋ ತಾಮ್ರಪಟಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತದಲ್ಲಿದೆ, ಭೂಮಿಯ ಎಲ್ಲೆಕಟ್ಟು ಕನ್ನಡದಲ್ಲಿದೆ. ಹೊಗಳಿಕೆ ಯಾವ ಭಾಷೆಯಲ್ಲಾದರೂ ಇರಲಿ, ಯಾರ ಹಕ್ಕು ಎಲ್ಲಿಯವರೆಗೆ ಎಂಬುದು ಊರವರಿಗೆ ತಿಳಿಯಬೇಕು ಎಂಬ ವಿವೇಕ ಆ ಅರಸರಿಗಿತ್ತು. ಇಂದಿನ ಕಂಪನಿಗಳು ಅದನ್ನು ತಲೆಕೆಳಗು ಮಾಡಿವೆ. ರಾಜ್ಯೋತ್ಸವದ ಬ್ಯಾನರ್ ಕನ್ನಡದಲ್ಲಿ, ಹಕ್ಕಿನ ಕಾಗದ ಇಂಗ್ಲಿಷಿನಲ್ಲಿ!

ಕಟ್ಟಡಗಳಲ್ಲಿ ಹೊರಗಿನಿಂದ ಬಂದವರೂ ದುಡಿಯುತ್ತಾರಲ್ಲ ಎಂಬ ಪ್ರಶ್ನೆಯೂ ಬರುತ್ತದೆ. ಒಡಿಶಾದ, ಬಂಗಾಳದ ಕೂಲಿಕಾರನಿಗೂ ಈ ಇಂಗ್ಲಿಷ್ ಅರ್ಥವಾಗುವುದಿಲ್ಲ. ಮೂಲ ಪತ್ರ ಕನ್ನಡದಲ್ಲಿರಲಿ, ಅವನಿಗೆ ಅವನ ಭಾಷೆಯಲ್ಲಿ ಓದಿ ಹೇಳಲಿ. ನಾವು ಕೇಳುತ್ತಿರುವುದು ನ್ಯಾಯ. ನಮ್ಮ ಜಗಳ ಅವನ ಜೊತೆಗಲ್ಲ, ಇಬ್ಬರನ್ನೂ ಒಂದೇ ಹಾಳೆಯಲ್ಲಿ ಮುಳುಗಿಸುವವರ ಜೊತೆಗೆ.

ನಮ್ಮ ಹಕ್ಕೊತ್ತಾಯ

ನೋಟರಿ ಕಾಯ್ದೆಯ ಮೂರನೇ ಕಲಮಿನ ಪ್ರಕಾರ ನೋಟರಿಗಳನ್ನು ನೇಮಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಇದೆ. ಎಲ್ಲವೂ ದೆಹಲಿಯ ಕೈಯಲ್ಲಿದೆ ಎಂದು ವಿಧಾನಸೌಧ ಕೈ ತೊಳೆದುಕೊಳ್ಳುವಂತಿಲ್ಲ. ಆದ್ದರಿಂದ:

ಒಂದು, ದುಡಿದ ಹಣದ ಹಕ್ಕು ಬಿಟ್ಟುಕೊಡುವ ಯಾವ ಪತ್ರವೇ ಆಗಲಿ ಮೊದಲು ಕನ್ನಡದಲ್ಲಿರಬೇಕು. ಸರ್ಕಾರ ತನ್ನ ಲೋಕೋಪಯೋಗಿ, ನೀರಾವರಿ ಕಾಮಗಾರಿಗಳಿಂದಲೇ ಶುರು ಮಾಡಲಿ.

ಎರಡು, “ಕನ್ನಡದಲ್ಲಿ ಓದಿ ಹೇಳಿದ್ದೇನೆ, ಅರ್ಥ ಮಾಡಿಕೊಂಡು ಒಪ್ಪಿದ್ದಾರೆ” ಎಂದು ನೋಟರಿ ತನ್ನ ಕೈಯಿಂದ ಬರೆಯದೆ ಮುದ್ರೆ ಒತ್ತಬಾರದು.

ಮೂರು, ಫೋನಿನಲ್ಲಿ ಸಹಿ ಪಡೆಯುವವರು ಕನ್ನಡ ಪಾಠವನ್ನು ತೋರಿಸದೆ ಓಟಿಪಿ ಕಳಿಸಬಾರದು.

ನಾಲ್ಕು, ಹಣ ಕೈಸೇರುವ ಮೊದಲು ಹಣ ಬಂದಿದೆ ಎಂದು ಬರೆಸಿಕೊಳ್ಳುವುದು ನಿಲ್ಲಬೇಕು.

ಐದು, ಮುಂದೆ ವಿಡಿಯೊ ನೋಟರಿ ಬರುವುದಾದರೆ ಮಾತುಕತೆ ಕನ್ನಡದಲ್ಲಿ ನಡೆಯಬೇಕು, ಅದರ ದೃಶ್ಯಮುದ್ರಣದ ಪ್ರತಿ ಸಹಿ ಮಾಡಿದವನ ಕೈಗೆ ಸಿಗಬೇಕು.

ಸರ್ಕಾರ ಎಚ್ಚೆತ್ತುಕೊಳ್ಳುವ ತನಕ ಕಾಯುವುದು ಬೇಡ. ಮೇಸ್ತ್ರಿಗಳೇ, ಗುತ್ತಿಗೆದಾರ ಬಂಧುಗಳೇ, ಇಂದೇ ಶುರು ಮಾಡಿ. ಇಂಗ್ಲಿಷ್ ಹಾಳೆ ಮುಂದೆ ಬಂದರೆ “ಇದನ್ನು ಕನ್ನಡದಲ್ಲಿ ಕೊಡಿ ಸಾರ್, ಓದಿ ರುಜು ಮಾಡುತ್ತೇನೆ” ಎನ್ನಿ. ಒಬ್ಬ ಹೇಳಿದರೆ ಗದರಿಸುತ್ತಾರೆ. ಒಂದು ಕಟ್ಟಡದ ಇಪ್ಪತ್ತು ಮೇಸ್ತ್ರಿಗಳು ಒಟ್ಟಾಗಿ ಹೇಳಿದರೆ ಸಂಜೆಯೊಳಗೆ ಕನ್ನಡ ಹಾಳೆ ಸಿದ್ಧವಾಗುತ್ತದೆ. ಅನಿವಾರ್ಯವಾಗಿ ರುಜು ಮಾಡಲೇಬೇಕಾಗಿ ಬಂದರೆ, ಬಾಕಿ ಎಷ್ಟಿದೆ ಎಂಬುದನ್ನು ರುಜುವಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ದಿನಾಂಕ ಹಾಕಿ, ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬರಿಯ ಬಾಯಿಮಾತು ಸಾಲದು ಎನ್ನುವ ಕೋರ್ಟಿನ ಮುಂದೆ ಆ ಒಂದು ಸಾಲು ನಿಮ್ಮ ಸಾಕ್ಷಿಯಾಗುತ್ತದೆ.

ಓದಿ ಹೇಳದ ಕಾಗದಕ್ಕೆ ರುಜು ಇಲ್ಲ! ಅರ್ಥವಾಗದ ಹಾಳೆಗೆ ಓಟಿಪಿ ಇಲ್ಲ!